ಮೆಣಸಿನಕಾಯಿಯ ಮೇಲೆ ಬಂದ ಅಪವಾದ

ಬ್ಯಾಡಗಿ
೫ ಮೇ ೨೦೨೫

ಮೊಮ್ಮಗನ ಕೈ ಹಿಡಿದು ಬಂದು ನನಗೆ ಮೊಮ್ಮಗಳೇ ಆದ ಶೈಲಶ್ರೀಗೆ ಅಜ್ಜನ ಆಶೀರ್ವಾದ.

ಹೇಗಿದ್ದೀಯವ್ವಾ? ಉಸಿರು ಸರಾಗವಾಗಿದೆಯೇ? ನಿನ್ನ ತವರು ಐರಣಿಯಲ್ಲಿ ಹೊಳೆಯ ಕಡೆಯಿಂದ ಒಳ್ಳೆಯ ಗಾಳಿ ಬರುತ್ತದೆ, ಸಂಜೆ ಕಟ್ಟೆಯ ಮೇಲೆ ಕುಳಿತುಕೋ. ಫೋನ್ ಮಾಡಿದರೆ ಎರಡು ಮಾತಿಗೇ ನಿನಗೆ ಕೆಮ್ಮು ಹತ್ತಿಕೊಳ್ಳುತ್ತದೆ. ಪತ್ರಕ್ಕೆ ಆ ತಾಪತ್ರಯವಿಲ್ಲ, ಓದುವವರು ಮಾತಾಡಬೇಕಿಲ್ಲ. ನಮ್ಮ ಗಾಡಿಯ ಡ್ರೈವರ್ ಯೂಸುಫಸಾಬ ಇವತ್ತು ನಿಮ್ಮೂರ ಕಡೆ ಹೊರಟಿದ್ದಾನೆ, ಅವನ ಕೈಯಲ್ಲೇ ಕಳಿಸುತ್ತೇನೆ. ಇಲ್ಲಿ ಎಲ್ಲರೂ ಕ್ಷೇಮ. ನಿಮ್ಮ ಅಜ್ಜಿ ಗದಿಗೆವ್ವನೂ ಗುಣವಾಗಿದ್ದಾಳೆ. ಅವಳಿಗೇನಾಗಿತ್ತು ಎನ್ನುತ್ತೀಯಾ? ಅದನ್ನು ಹೇಳುವುದಕ್ಕೇ ಕುಳಿತಿದ್ದೇನೆ.

ನೀನು ಸೊಸೆಯಾಗಿ ಬಂದಾಗಿನಿಂದ ಕೆಮ್ಮುತ್ತಿದ್ದೆ. ಬ್ಯಾಡಗಿಯಲ್ಲಿ ಯಾರು ಕೆಮ್ಮಿದರೂ ಕಾರಣ ಹುಡುಕುವವರಿಲ್ಲ, ‘ಘಾಟು ರೀ, ರೂಢಿ ಆಗತೈತಿ’ ಎಂದರೆ ಮುಗಿಯಿತು. ಪಡಸಾಲೆ ತುಂಬ ನಮ್ಮ ಮೆಣಸಿನಕಾಯಿ ಚೀಲಗಳೇ ಇದ್ದವಲ್ಲ! ಅಮಾವಾಸ್ಯೆ ಬಂದರೆ ನಿನ್ನ ಕೆಮ್ಮು ಇನ್ನೂ ಜೋರು. ಗದಿಗೆವ್ವ ದೃಷ್ಟಿ ಎಂದುಕೊಂಡು ಒಲೆಗೆ ಮೆಣಸಿನಕಾಯಿ ಹಾಕಿ ನಿವಾಳಿಸಿದಳು. ಮನೆಮಂದಿಯೆಲ್ಲ ಸೀನಿದ ಮೇಲೆ ‘ಘಾಟು ಬಂತಲ್ಲ, ದೃಷ್ಟಿ ಏನೂ ಆಗಿಲ್ಲ’ ಎಂದು ಸಮಾಧಾನಪಟ್ಟಳು. ಪಾಪ, ನೀನು ಕೆಮ್ಮುತ್ತಲೇ ನಕ್ಕಿದ್ದೆ. ಕೊನೆಗೆ ನಿನ್ನ ಅಪ್ಪ ಪರಮೇಶಪ್ಪನವರು ಬಂದು, ‘ಈ ಮೆಣಸಿನಕಾಯಿ ಮನ್ಯಾಗ ನನ್ನ ಮಗಳ್ನ ಇನ್ನ ಬಿಡೂದಿಲ್ರಿ’ ಎಂದು ಕರೆದುಕೊಂಡು ಹೋದರು. ಮೊಮ್ಮಗ ಚೇತನಕುಮಾರನೂ ವ್ಯಾಪಾರ ಬಿಟ್ಟು ನಿನ್ನನ್ನು ಕರೆದುಕೊಂಡು ರಾಣೇಬೆನ್ನೂರಿಗೆ ಹೋಗುವ ಮಾತಾಡತೊಡಗಿದ.

ಪ್ರತಿ ಅಮಾವಾಸ್ಯೆಗೂ ಬಚ್ಚಲು ತೊಳೆಯುತ್ತಿದ್ದವಳು ನೀನು, ಹೋದ ಅಮಾವಾಸ್ಯೆಗೆ ನೀನಿರಲಿಲ್ಲ. ‘ನಮ್ಮ ಶೈಲಾ ತೊಳದ ಬಚ್ಚಲದಾಗ ಎಲಿ ಹಾಕಿ ಉಣಬಹುದು’ ಎಂದು ಓಣಿಗೆಲ್ಲ ಹೇಳಿಕೊಂಡವಳಲ್ಲವೇ ಗದಿಗೆವ್ವ, ಅವಳಿಗೆ ಅಷ್ಟೇ ಬಿಳುಪು ಬೇಕಾಯಿತು. ಬೋರಿನ ನೀರಿನ ಕಲೆ ಹೋಗಲೆಂದು ನೀನು ಮಾಡುತ್ತಿದ್ದಂತೆಯೇ ಬ್ಲೀಚಿಂಗ್ ಪೌಡರ್ ಉದುರಿಸಿ, ಮೇಲೆ ಆಸಿಡ್ ಸುರಿದು, ವಾಸನೆ ದೇವರ ಮನೆಗೆ ಬರಬಾರದೆಂದು ಬಾಗಿಲು ಹಾಕಿಕೊಂಡು ತಿಕ್ಕಿದಳು. ಸ್ವಲ್ಪ ಹೊತ್ತಿಗೆ ಕಣ್ಣು ಮೂಗು ಸುರಿಸುತ್ತ, ಎದೆ ಹಿಡಿದುಕೊಂಡು, ಬಾಗಿಲು ದೂಡಿ ಹೊರಗೆ ಬಿದ್ದಳು. ಮೆಣಸಿನಕಾಯಿ ರಾಶಿಯ ಪಕ್ಕ ಮಲಗಿ ಬೆಳೆದ ಹೆಂಗಸು! ಅವಳನ್ನು ಅಂಗಳದ ಗಾಳಿಗೆ ಕೂರಿಸುವಷ್ಟರಲ್ಲಿ ನಿನ್ನ ಅವ್ವ ದೇವವ್ವನವರ ಫೋನು. ‘ಬೀಗರ, ಶೈಲಾಗ ಮತ್ತ ಕೆಮ್ಮು ಹತ್ತೇತ್ರಿ. ಈಗಷ್ಟ ಬಚ್ಚಲಾ ತೊಳದು ಬಂದ್ಲು.’ ಒಂದು ಕಿವಿಗೆ ನಿನ್ನ ಕೆಮ್ಮು, ಇನ್ನೊಂದು ಕಿವಿಗೆ ಗದಿಗೆವ್ವನ ಕೆಮ್ಮು. ಐರಣಿಯ ಮನೆಯಲ್ಲಿ ಮೆಣಸಿನಕಾಯಿ ಚೀಲ ಎಲ್ಲಿಯದು? ಅಲ್ಲಿದ್ದದ್ದು ಇಲ್ಲಿಯದೇ ಬ್ಲೀಚಿಂಗ್ ಪೌಡರ್ ಪೊಟ್ಟಣ, ಆಸಿಡ್ ಬಾಟಲಿ, ‘ತವರಮನಿ ಬಚ್ಚಲಾನೂ ಬೆಳ್ಳಗಾಗ್ಲಿ’ ಎಂದು ಗದಿಗೆವ್ವನೇ ನಿನ್ನ ಚೀಲದಲ್ಲಿ ಇಟ್ಟದ್ದು. ಆ ಬಾಟಲಿ ಮುಟ್ಟಲು ಕೊಡಬೇಡಿ ಎಂದು ನಾನು ದೇವವ್ವನವರಿಗೆ ಹೇಳಿದ್ದು ಅದಕ್ಕೇ.

ಗದಿಗೆವ್ವನನ್ನು ರಾಣೇಬೆನ್ನೂರಿನ ಡಾಕ್ಟರ ಹತ್ತಿರ ಕರೆದೊಯ್ದೆವು. ‘ಅಜ್ಜಾರ, ಅವೆರಡೂ ಕೂಡಿದ್ರ ವಿಷದ ಗಾಳಿ ಏಳತೈತ್ರಿ. ಬಾಗಲಾ ಹಾಕ್ಕೊಂಡು ಅದನ್ನ ಎಳಕೊಂಡಾರ’ ಎಂದರು. ನನಗೋ, ಒಡಹುಟ್ಟಿದವನೇ ಕೋರ್ಟಿನಲ್ಲಿ ಬಿಡುಗಡೆಯಾದಷ್ಟು ಸಂತೋಷ. ‘ನೋಡ್ದ್ಯಾ, ನಮ್ಮ ಮೆಣಸಿನಕಾಯ್ದು ಏನೂ ತಪ್ಪಿಲ್ಲ!’ ಎಂದೆ. ಗದಿಗೆವ್ವ ಮೂಗಿಗೆ ಹಿಡಿದಿದ್ದ ಹಬೆಯ ಕೊಳವೆ ತೆಗೆದು, ‘ಹೇಣ್ತಿ ಉಳದದ್ದಕ್ಕಿಂತ ಮೆಣಸಿನಕಾಯಿ ಗೆದ್ದದ್ದ ಹೆಚ್ಚಾತೇನು ನಿಮಗ?’ ಎಂದು ಎಲ್ಲರೆದುರು ಮರ್ಯಾದೆ ಕಳೆದಳು.

ಈಗ ಬಚ್ಚಲಿನ ಗೋಡೆ ಒಡೆದು ಕಿಟಕಿ ಇಡಿಸಿದ್ದೇವೆ. ಸೋಪಿನ ಪುಡಿ ಹಾಕಿ ಬ್ರಷ್‌ನಿಂದ ತಿಕ್ಕುವ ಕೆಲಸ ಚೇತನನದು. ಕಲೆ ಅಷ್ಟಾಗಿ ಹೋಗಿಲ್ಲ. ‘ಇದ್ರ ಇರ್ಲಿ, ನಮ್ಮ ಹುಡುಗಿ ಉಸಿರಾಡ್ಲಿ’ ಎನ್ನುತ್ತಾಳೆ ನಿಮ್ಮಜ್ಜಿ. ನಿನ್ನ ಎದೆಯನ್ನೂ ಪರೀಕ್ಷಿಸಬೇಕೆಂದು ಡಾಕ್ಟರು ಹೇಳಿದ್ದಾರೆ, ಗುರುವಾರ ಚೇತನ ಬರುತ್ತಾನೆ, ಹೋಗಿ ಬಾ. ಬೀಗರಿಬ್ಬರಿಗೂ ನನ್ನ ಶರಣು ತಿಳಿಸು. ನೂರು ಕಾಲ ಸುಖವಾಗಿರು.

ನಿನ್ನ ಅಜ್ಜ,
ವಿರೂಪಾಕ್ಷಪ್ಪ

ತಾ.ಕ.: ಯೂಸುಫಸಾಬ ಹಾರ್ನ್ ಹೊಡೆಯುತ್ತಿದ್ದಾನೆ. ಡಾಕ್ಟರು ಇನ್ನೊಂದು ಮಾತು ಹೇಳಿದರು, ಮೇಲೆ ಬರೆಯಲು ಮನಸ್ಸಾಗಲಿಲ್ಲ. ಒಮ್ಮೆ ನೊಂದ ಎದೆಗೆ ಮೆಣಸಿನಕಾಯಿಯ ಧೂಳೂ ಆಗಿಬರುವುದಿಲ್ಲವಂತೆ. ನಿನ್ನೆ ಚೀಲಗಳನ್ನೆಲ್ಲ ಮಾರ್ಕೆಟ್ ಯಾರ್ಡಿನ ಗೋದಾಮಿಗೆ ಸಾಗಿಸಿ ಪಡಸಾಲೆ ತೊಳೆಸಿದೆ. ಹುಟ್ಟಿದಾಗಿನಿಂದ ಮೂಗಿನಲ್ಲಿದ್ದ ಘಾಟು ಇಲ್ಲದೆ ಬೇರೆ ಯಾರದೋ ಮನೆಯಲ್ಲಿ ಕುಳಿತಂತಿದೆ. ನೀನು ಬಂದು ಇಲ್ಲಿ ಒಮ್ಮೆ ಎದೆ ತುಂಬ ಉಸಿರೆಳೆದುಕೊಂಡರೆ ನಮ್ಮದೇ ಮನೆ ಅನ್ನಿಸೀತು.