‘ನೆಟ್ಟಗೆ ಕೂರಿಸಿ’ ಎಂದ ನಿಮ್ಮ ಹಲಗೆ

ರಸ್ತೆ ಸುರಕ್ಷತೆಯ ಹಲಗೆ ಬರೆಸಿದ ಮಾನ್ಯ ಅಧಿಕಾರಿಗಳೇ,

ಚನ್ನರಾಯಪಟ್ಟಣ ದಾಟಿ ಹಾಸನದ ಕಡೆ ಹೊರಟರೆ ಎಡಕ್ಕೆ ನಿಮ್ಮದೊಂದು ಹಳದಿ ಹಲಗೆ ಸಿಗುತ್ತದೆ: ‘ಮಕ್ಕಳನ್ನು ವಾಹನದಲ್ಲಿ ನೆಟ್ಟಗೆ ಕೂರಿಸಿ.’ ಹೋದ ಸೋಮವಾರ ಆ ಹಲಗೆಯ ಮಾತು ಕೇಳಿ ನಮ್ಮ ಮನೆಯ ಎರಡು ತಿಂಗಳ ಕೂಸಿನ ಉಸಿರು ಕಟ್ಟಿತ್ತು. ಆ ಮಾತನ್ನು ಅಳಿಸಿ ಎನ್ನಲು ಈ ಪತ್ರ. ಕಚೇರಿಗೇ ಬಂದು ಹೇಳೋಣವೆಂದರೆ ತಾವು ಸದಾ ಮೀಟಿಂಗಿನಲ್ಲಿ. ಆದ್ದರಿಂದ ಊರೆಲ್ಲ ಓದುವಂತೆ ಪತ್ರಿಕೆಯಲ್ಲೇ ಹೇಳುತ್ತಿದ್ದೇನೆ.

ನಾನು ಓದಿದ್ದು ಬಾಗೂರಿನಲ್ಲಿ ಏಳನೇ ಕ್ಲಾಸು. ಆದರೆ ದುಂಡಗೆ ಬರೆಯುವುದರಲ್ಲಿ ನನ್ನನ್ನು ಮೀರಿಸುವವನು ಈ ತಾಲ್ಲೂಕಿನಲ್ಲಿ ಇನ್ನೂ ಹುಟ್ಟಿಲ್ಲ. ನಮ್ಮೂರಿನ ಅರ್ಧ ಅಂಗಡಿಗಳ ಬೋರ್ಡು ನನ್ನ ಕೈಬರಹವೇ. ಈ ವಿಷಯ ಕೊನೆಯಲ್ಲಿ ಬೇಕಾಗುತ್ತದೆ, ನೆನಪಿಟ್ಟುಕೊಳ್ಳಿ.

ನಮ್ಮಕ್ಕ ಮುದ್ದಮ್ಮನ ಅಳಿಯ ಶಶಿಕಿರಣ್, ಹೈಸ್ಕೂಲ್ ಮೇಷ್ಟ್ರು, ಕಾರಿನಲ್ಲಿ ಕೂಸಿಗೆಂದೇ ಕಟ್ಟುವ ಸೀಟೊಂದನ್ನು ತರಿಸಿದ. ಅದರಲ್ಲಿ ಕೂಸಿನ ಮುಖ ಕಾರಿನ ಹಿಂಬದಿಗಿರುತ್ತದೆ. ಹಿಂದಕ್ಕೆ ಮುಖ ಮಾಡಿಕೊಂಡು ಮುಂದಕ್ಕೆ ಹೋಗುವುದು ಸರ್ಕಾರಿ ಇಲಾಖೆಗಳಿಗೆ ಮಾತ್ರ ಬರುತ್ತದೆ ಎಂದುಕೊಂಡಿದ್ದೆ. ಸೀಟನ್ನು ಎಷ್ಟು ವಾಲಿಸಬೇಕೆಂಬುದೇ ದೊಡ್ಡ ಪ್ರಶ್ನೆ. ತೀರಾ ಮಲಗಿಸಿದರೆ ಬ್ರೇಕ್ ಹಾಕಿದಾಗ ಕೂಸು ಪಟ್ಟಿಯಿಂದ ಜಾರುತ್ತದೆ. ತೀರಾ ಎತ್ತಿದರೆ ಕತ್ತು ನಿಲ್ಲದೆ ತಲೆ ಮುಂದಕ್ಕೆ ಬಿದ್ದು, ಗದ್ದ ಎದೆಗೊತ್ತಿ, ಉಸಿರಿನ ದಾರಿ ಮುಚ್ಚುತ್ತದೆ. ಕಾರನ್ನು ಮಟ್ಟಸ ನೆಲದಲ್ಲಿ ನಿಲ್ಲಿಸಿ, ಸೀಟಿನ ಪಕ್ಕದಲ್ಲಿರುವ ಗೆರೆ ನೆಲಕ್ಕೆ ಸಮ ಬರುವಂತೆ ವಾಲಿಸಬೇಕು. ನಿಮ್ಮ ರಸ್ತೆಗಳಲ್ಲಿ ಮಟ್ಟಸ ನೆಲ ಎಲ್ಲಿಂದ ತರೋಣ? ಅಕ್ಕಿ ಮಿಲ್ಲಿನ ಸಿಮೆಂಟ್ ಕಣಕ್ಕೆ ಕಾರು ಒಯ್ದು, ಗಾರೆಯವರ ರಸಮಟ್ಟ ಇಟ್ಟು, ನಾನೇ ಕೂರಿಸಿದೆ. ಅಕ್ಕ ಬಗ್ಗಿ ನೋಡಿ, “ಒಳಲೇಲಿ ಹಾಲು ಕುಡಿಸೋವಾಗ ಕೂಸನ್ನ ತೊಡೆ ಮ್ಯಾಲೆ ಎಂಗೆ ವಾಲಿಸ್ಕತೀವೋ, ಅಂಗೇ ಅದೆ ಕಣ್ಲಾ” ಅಂದಳು. ನಾನು ಮೀಸೆ ತಿರುವಿದೆ.

ಸೋಮವಾರ ಸೂಜಿ ಹಾಕಿಸಲು ಹಾಸನಕ್ಕೆ ಹೊರಟೆವು. ನಿಮ್ಮ ಹಲಗೆಯ ಕೆಳಗೇ ನಿಮ್ಮ ಜೀಪು. ನಿಮ್ಮ ಇನ್‌ಸ್ಪೆಕ್ಟರು ಒಳಗೆ ಇಣುಕಿ, ಹಲಗೆಯ ಕಡೆ ಬೆರಳು ತೋರಿಸಿದರು. “ಓದಕ್ಕೆ ಬರಲ್ವೇನ್ರೀ ಮೇಷ್ಟ್ರೇ? ಮಗು ಮಲಗ್ಕೊಂಡದೆ. ನೆಟ್ಟಗೆ ಕೂರಿಸ್ರೀ.”

ಅಳತೆ ಇಟ್ಟು ಕೂರಿಸಿದ್ದು ಸಾ ಎಂದೆ. ಯಾವ ಇಂಜಿನಿಯರಪ್ಪ ನೀನು ಎಂದು ನಕ್ಕರು. ಮೇಷ್ಟ್ರು ಸರ್ಕಾರಿ ನೌಕರ, ಹಲಗೆಗೆ ಹೆದರಿದ. ಹಿಡಿ ಎಳೆದು ಸೀಟನ್ನು ನೆಟ್ಟಗೆ ನಿಲ್ಲಿಸಿದ.

ಸ್ವಾಮಿ, ‘ನೆಟ್ಟಗೆ’ ಎಂದರೆ ನಮ್ಮ ಕಡೆ ಎರಡು ಅರ್ಥ. ಸರಿಯಾಗಿ ಎನ್ನುವುದೊಂದು, ಕಂಬದ ಹಾಗೆ ಎನ್ನುವುದೊಂದು. ತಾವು ಬರೆಸಿದ್ದು ಯಾವ ‘ನೆಟ್ಟಗೆ’? ತಮಗಾದರೂ ಗೊತ್ತಿತ್ತೇ?

ಕಾರು ಹೊರಟಿತು. ಇಂಜಿನಿಯರ್ ಎನಿಸಿಕೊಂಡ ಖುಷಿಯಲ್ಲಿ ನಾನು ಮುಂದೆ ಕೂತು ಬಡಾಯಿ ಕೊಚ್ಚುತ್ತಿದ್ದೆ. ಹಿಂದಿನಿಂದ ಕೂಸಿನ ತಾಯಿ, ಅಕ್ಕನ ಮಗಳು ನೇತ್ರಾ, ಇವತ್ತು ಒಂಚೂರೂ ಗಲಾಟೆ ಇಲ್ಲ ಮಾವ, ಎಷ್ಟು ಒಳ್ಳೆ ಮಗು ನೋಡು ಅಂದಳು. ಎಲ್ಲರೂ ಹೌದೆಂದೆವು. ಸೀಟಿನ ಬೆನ್ನು ನಮ್ಮ ಕಡೆ, ಕೂಸಿನ ಮುಖಕ್ಕೆ ಬಿಸಿಲು ಬೀಳದಂತೆ ಹೊದಿಸಿದ ಬಟ್ಟೆ. ಸದ್ದಿಲ್ಲ. ಆ ಸದ್ದಿಲ್ಲದ್ದನ್ನೇ ನಾವು ಹೊಗಳುತ್ತಾ ಹೋದೆವು.

ಶಾಂತಿಗ್ರಾಮದ ಹತ್ತಿರ ಅಕ್ಕ ಬಟ್ಟೆ ಸರಿಸಿದಳು.

“ನಿಲ್ಸಪ್ಪಾ ಕಾರು.”

ಮೆಲ್ಲಗೇ ಹೇಳಿದಳು. ಆ ದನಿ ಈಗಲೂ ಕಿವಿಯಲ್ಲಿದೆ. ಗದ್ದ ಎದೆಗೊತ್ತಿತ್ತು, ತುಟಿ ನೇರಳೆಹಣ್ಣಿನ ಬಣ್ಣಕ್ಕೆ ತಿರುಗಿತ್ತು. ಅಕ್ಕ ಗದ್ದದ ಕೆಳಗೆ ಬೆರಳಿಟ್ಟು ಎತ್ತಿದಳು. ಏನೂ ಆಗಲಿಲ್ಲ. ಪಟ್ಟಿ ಬಿಚ್ಚಿ, ತೊಡೆಗೆ ಹಾಕಿಕೊಂಡು ಬೆನ್ನು ಉಜ್ಜಿದಳು. ಆಮೇಲೆ ಒಂದು ಗೊರಕೆಯಂಥ ಸದ್ದು, ಆಮೇಲೆ ಅಳು. ಇನ್ನೊಂದು ಹಲಗೆ ದಾಟುವಷ್ಟು ಹೊತ್ತಾಗಿದ್ದರೆ ಕೂಸು ಉಳಿಯುತ್ತಿರಲಿಲ್ಲ ಎಂದರು ಹಾಸನದ ಡಾಕ್ಟರು.

ಬರುವ ಸೋಮವಾರ ಕೂಸನ್ನು ಮತ್ತೆ ತೋರಿಸಬೇಕು. ಅದೇ ದಾರಿ, ಅದೇ ಹಲಗೆ. ಅಷ್ಟರಲ್ಲಿ ‘ನೆಟ್ಟಗೆ’ಯನ್ನು ಅಳಿಸಿ, ‘ಗದ್ದ ಎದೆಗೆ ತಾಗದಂತೆ ವಾಲಿಸಿ ಕೂರಿಸಿ’ ಎಂದು ಬರೆಸಿ. ನಿಮ್ಮ ಇನ್‌ಸ್ಪೆಕ್ಟರಿಗೂ ಓದಿಸಿ. ಇಲ್ಲವಾದರೆ ಏಣಿ, ಕುಂಚ, ಬಣ್ಣದ ಡಬ್ಬಿ ನನ್ನಲ್ಲಿವೆ. ನಿಮಗಿಂತ ದುಂಡಗೆ ಬರೆಯುತ್ತೇನೆ. ಕೇಸು ಹಾಕುವುದಿದ್ದರೆ ಹಾಕಿ.

ಆದರೆ ಸೋಮವಾರದವರೆಗೂ ಆ ರಸ್ತೆಯಲ್ಲಿ ಕಾರುಗಳು ಹೋಗುತ್ತಲೇ ಇರುತ್ತವೆ. ಯಾವುದೋ ಕಾರಿನ ಹಿಂದಿನ ಸೀಟಿನಲ್ಲಿ ಯಾವುದೋ ಕೂಸು ಸದ್ದಿಲ್ಲದೆ ಕೂತಿರುತ್ತದೆ. ಎಷ್ಟು ಒಳ್ಳೆ ಮಗು ಎನ್ನುತ್ತಿರುತ್ತಾರೆ, ಮುಂದೆ ಕೂತವರು.

ಇಂತಿ,
ಹುಟ್ಟಿದಾಗಿನಿಂದ ನೆಟ್ಟಗಿಲ್ಲವೆಂದು ಅಕ್ಕನಿಂದ ಬೈಸಿಕೊಳ್ಳುತ್ತಿರುವ
ಪಂಚಾಕ್ಷರಯ್ಯ, ಬಾಗೂರು