ಬಿಸಿಲ ಬದಿಯ ತಾಪಮಾಪಕ

ಏಪ್ರಿಲ್ ೯, ಬುಧವಾರ

ಪ್ರೀತಿಯ ಪುಟ್ಟಿಗೆ,

ನಾನು ಕ್ಷೇಮ, ನೀನೂ ಕ್ಷೇಮವೇ ಎಂದು ಶುರುಮಾಡುವುದು ನನ್ನ ರೂಢಿ. ಈ ಸಲ ಕೈ ಬರಲಿಲ್ಲ. ಫೋನಿನಲ್ಲಿ ಹೇಳಿದರೆ ಮಧ್ಯೆ ಬಾಯಿ ಹಾಕುತ್ತೀಯ. ಕಾಗದದಲ್ಲಿ ನಿನ್ನ ಆಟ ನಡೆಯುವುದಿಲ್ಲ, ಪೂರ್ತಿ ಓದು.

ಬೇಸಿಗೆ ಮುಗಿಯುವವರೆಗೆ ರಜೆ ಹಾಕು. ಬೆನ್ನುನೋವು ಅನ್ನು, ತಲೆಸುತ್ತು ಅನ್ನು, ಏನಾದರೂ ಅನ್ನು. ಮಧ್ಯಾಹ್ನ ಎರಡಕ್ಕೆ ಬಂದರಿಗೆ ಹೊರಡುವ ರೈಲುಗಾಡಿಯನ್ನು ನೀನು ಓಡಿಸಕೂಡದು.

೨೧೨ನೇ ಕಂಬದ ತಿರುವಿನಲ್ಲಿ ಹಳಿ ಕೂರಿಸಿದ್ದು ನನ್ನ ತಂಡ. ಅದು ನಿನಗೆ ಗೊತ್ತು, ಅದನ್ನು ಅಮ್ಮನ ತಿರುವು ಅಂತಲೇ ಕರೆಯುತ್ತೀಯ. ಗೊತ್ತಿಲ್ಲದ್ದು ಇನ್ನೊಂದಿದೆ. ಈ ವೇಗದ ಗಾಡಿಗಳ ಹಳಿಗೆ ಸಂದು ಇರುವುದಿಲ್ಲ, ಮೈಲಿಗಟ್ಟಲೆ ಒಂದೇ ಕಬ್ಬಿಣ. ಬಿಗಿಯುವಾಗ ಅದು ಇಪ್ಪತ್ತೇಳು ಡಿಗ್ರಿಯಾದರೂ ಬೆಚ್ಚಗಿರಬೇಕು. ತಣ್ಣಗಿದ್ದಾಗ ಹಾಗೇ ಬಿಗಿದರೆ ಬೇಸಿಗೆಯಲ್ಲಿ ಹಿಗ್ಗಲು ಜಾಗವಿಲ್ಲದೆ ಪಕ್ಕಕ್ಕೆ ಬಾಗುತ್ತದೆ. ಚಳಿಯಲ್ಲಾದರೆ ಯಂತ್ರ ತಂದು ಹಳಿಯನ್ನು ಎಳೆದು ಬಿಗಿಯಬೇಕು. ನಾವು ಆ ತಿರುವಿನಲ್ಲಿ ಹಳಿ ಕೂರಿಸಿದ್ದು ಚಳಿಗಾಲದಲ್ಲಿ, ಆಗ ನಮ್ಮ ಯಂತ್ರವನ್ನು ಬೇರೆ ಮಾರ್ಗದವರು ಒಯ್ದಿದ್ದರು. ವೇಗದ ಗಾಡಿಯ ಐದು ಮಾರ್ಗಗಳೂ ಒಂದೇ ದಿನ ಉದ್ಘಾಟನೆ ಎಂದು ಸರ್ಕಾರ ಆಗಲೇ ಡಂಗುರ ಹೊಡೆದಿತ್ತು.

ತಾಪಮಾಪಕವನ್ನು ಹಳಿಯ ನೆರಳಿನ ಬದಿಗೆ ಅಂಟಿಸಬೇಕು. ಅಲ್ಲಿ ಹದಿನೇಳು ತೋರಿಸಿತು. ಕಿತ್ತು ಬಿಸಿಲು ಬಿದ್ದ ಬದಿಗೆ ಅಂಟಿಸಿದೆ. ಇಪ್ಪತ್ತೆಂಟು ಬಂತು, ಬರೆದೆ, ಸಹಿ ಹಾಕಿದೆ. ಯಾರೂ ಕತ್ತು ಹಿಡಿದು ಮಾಡಿಸಲಿಲ್ಲ. ಎಲ್ಲ ತಂಡಗಳೂ ಹಾಗೇ ಮಾಡುತ್ತಿದ್ದವು. ಹಳಿ ಬಿಸಿಲು ಕಾಯಿಸ್ತಾ ಇದೆ ಅಂತ ನಗುತ್ತಿದ್ದೆವು.

ಹೋದ ಬೇಸಿಗೆ ಪರೀಕ್ಷೆಯ ಗಾಡಿಗಳು ನಿಧಾನಕ್ಕೆ ಓಡಿದವು, ಬಚಾವಾದೆವು. ಈಗ ನೀವು ಗಂಟೆಗೆ ಮುನ್ನೂರು ಕಿಲೋಮೀಟರಿನಲ್ಲಿ ಹೋಗುತ್ತೀರಿ. ಕಳೆದ ವಾರ ಬೇಲಿಯಾಚೆ ನಿಂತು ನೋಡಿದೆ. ಹಳಿ ಎರಡು ಬೆರಳು ಪಕ್ಕಕ್ಕೆ ಸರಿದಿತ್ತು. ರಿಪೇರಿಯವರು ತಳ್ಳಿ ನೇರ ಮಾಡಿ ಹೋಗುತ್ತಾರಂತೆ, ಎರಡು ದಿನಕ್ಕೆ ಮತ್ತೆ ಸರಿಯುತ್ತದಂತೆ. ನಿಜವಾದ ಬಿಸಿಲು ಇನ್ನೂ ಬಂದಿಲ್ಲ.

ಮುಖ್ಯ ಕಚೇರಿಗೆ ಹೋಗಿ ಎಲ್ಲ ಹೇಳಿದೆ. ಇಂಜಿನಿಯರ್ ಒಳ್ಳೆಯವನು, ಕುರ್ಚಿ ಕೊಟ್ಟ, ನೀರು ತರಿಸಿದ. ಕಡತ ತೆಗೆದು, ಇಪ್ಪತ್ತೆಂಟು ಅಂತಿದೆ, ಸಹಿ ನಿಮ್ದೇ ಅಲ್ವಾ ಅಂದ. ಸುಳ್ಳು ಬರೆದೆನಪ್ಪಾ ಅಂದೆ. ನಿಮ್ದು ಸುಳ್ಳಾದ್ರೆ ಎಲ್ಲರದ್ದೂ ಸುಳ್ಳಾಗುತ್ತೆ, ಐದೂ ಮಾರ್ಗ ನಿಲ್ಲಿಸ್ಬೇಕಾಗುತ್ತೆ, ನಾನು ಯಾರಮ್ಮ ನಿಲ್ಲಿಸೋಕೆ ಅಂದ. ಅವನ ಮೇಲಿನವರನ್ನು ಕಂಡೆ. ನಿವೃತ್ತಿಯಾದ ಮೇಲೆ ಮನೇಲಿ ಹೊತ್ತು ಹೋಗ್ತಿಲ್ವಾ ಎಂದು ಕೇಳಿದರು. ಪತ್ರಿಕೆಯವನೊಬ್ಬನಿಗೂ ಹೇಳಿದೆ, ಅವನು ದಾಖಲೆ ಕೇಳಿದ. ಇರುವ ಒಂದೇ ದಾಖಲೆಯಲ್ಲಿ ಹಳಿ ಸರಿಯಾಗಿದೆ ಎಂದು ನಾನೇ ಬರೆದಿದ್ದೇನೆ.

ಇನ್ನು ತಟ್ಟಲು ಬಾಗಿಲು ಉಳಿದಿಲ್ಲ. ನನಗೆ ತುಂಬಾ ಭಯವಾಗಿದೆ ಪುಟ್ಟೀ. ಎರಡು ಗಂಟೆಗೆ ರೇಡಿಯೋ ಮುಂದೆ ಕೂತರೆ, ನೀನು ಬಂದರು ಮುಟ್ಟುವ ಹೊತ್ತಾಗುವ ತನಕ ಊಟ ಸೇರುವುದಿಲ್ಲ. ತಿರುವಿನಲ್ಲಿ ನಿಧಾನ ಮಾಡ್ತೀನಿ ಬಿಡು ಅನ್ನಬೇಡ. ವೇಗ ಕಂಟ್ರೋಲ್ ರೂಮಿನವರು ಹೇಳಿದಷ್ಟೇ, ಬ್ರೇಕ್ ಹಾಕಿದರೂ ಗಾಡಿ ನಿಲ್ಲಲು ಮೂರು ಕಿಲೋಮೀಟರ್ ಬೇಕು ಎಂದು ನೀನೇ ಹೇಳಿದ್ದೆ.

ನನ್ನನ್ನು ಕ್ಷಮಿಸಬೇಕೆಂದು ಕೇಳುತ್ತಿಲ್ಲ. ರಜೆ ಹಾಕು, ಸಾಕು.

ನಿನ್ನ
ಅಮ್ಮ

ವಿ.ಸೂ.: ನೀನು ಕೇಳುವ ಮೊದಲೇ ಹೇಳಿಬಿಡುತ್ತೇನೆ. ನೀನು ರಜೆ ಹಾಕಿದರೆ ಆ ಸೀಟಿಗೆ ಯಾರು ಬರುತ್ತಾರೆಂದು ಡ್ಯೂಟಿ ಪಟ್ಟಿ ನೋಡಿಸಿದ್ದೇನೆ. ನಿನ್ನ ಜೊತೆ ತರಬೇತಿಗೆ ಬಂದು ನಾಲ್ಕು ತಿಂಗಳು ನಮ್ಮ ಮನೆಯಲ್ಲಿದ್ದ ಗುಂಡು ಹುಡುಗಿ, ನನ್ನನ್ನು ದೊಡ್ಡಮ್ಮ ಅನ್ನುತ್ತಿದ್ದಳಲ್ಲ, ಅವಳು. ಗೊತ್ತಾದರೆ ಅವಳೂ ರಜೆ ಕೇಳುತ್ತಾಳೆ, ಆಗ ಇಬ್ಬರಿಗೂ ಸಿಗುವುದಿಲ್ಲ. ಅವಳಿಗೆ ಹೇಳಬೇಡ.