ಸುರಕ್ಷಿತರ ಪಟ್ಟಿಯ ಹದಿನಾಲ್ಕನೇ ಹೆಸರು

ರಾಯಭಾರ ಕಚೇರಿಯ ನಾಗರಿಕ ಕ್ಷೇಮಾಧಿಕಾರಿಗಳಿಗೆ,

ಮಾನ್ಯರೇ, ‘ಭೂಕಂಪದಲ್ಲಿ ಸುರಕ್ಷಿತರಾಗಿರುವ ನಮ್ಮ ನಾಗರಿಕರು’ ಎಂದು ತಾವು ಪ್ರಕಟಿಸಿರುವ ಪಟ್ಟಿಯಲ್ಲಿ ಹದಿನಾಲ್ಕನೆಯ ಹೆಸರು ನನ್ನ ನಾದಿನಿಯದು. ಅವಳು ಸತ್ತು ಇವತ್ತಿಗೆ ಆರು ದಿನ. ಈ ಸಣ್ಣ ವ್ಯತ್ಯಾಸವನ್ನು ತಮ್ಮ ಗಮನಕ್ಕೆ ತರಲು ನಾಲ್ಕು ಸಲ ಬಂದೆ. ನಾಲ್ಕು ಸಲವೂ ತಾವು ಸಭೆಯಲ್ಲಿದ್ದಿರಿ. ಅದಕ್ಕೇ ನಾಲ್ಕು ಜನ ಓದುವ ಹಾಗೆ ಬರೆಯುತ್ತಿದ್ದೇನೆ.

ನಾವಿಬ್ಬರೂ ಇಲ್ಲಿನ ಬಟ್ಟೆ ಕಾರ್ಖಾನೆಯಲ್ಲಿ ಹೊಲಿಯುವವರು. ನಾನು ಕಾಲರ್, ಅವಳು ತೋಳು. ಇನ್ನೂರು ಮೆಷಿನ್ ಓಡುವ ಮಹಡಿ ದಿನವೂ ನಡುಗುತ್ತದೆ, ಹಾಗಾಗಿ ಭೂಮಿ ನಡುಗಿದ್ದು ನಮಗೆ ಗೊತ್ತೇ ಆಗಲಿಲ್ಲ. ಯಾರದೋ ಮೋಟಾರ್ ಕೆಟ್ಟಿದೆ ಎಂದು ಬೈಯುತ್ತಾ ಸೂಪರ್‌ವೈಸರ್ ಕರೆಂಟ್ ತೆಗೆದರು. ಮೆಷಿನ್‌ಗಳು ನಿಂತವು, ನೆಲ ನಿಲ್ಲಲಿಲ್ಲ. ಆಗಲೂ ನಾವು ಮಾಡಿದ್ದು ಕೇಳಿ: ಸೂಜಿ ಮೇಲೆತ್ತಿ, ದಾರ ಕತ್ತರಿಸಿ, ಅರ್ಧ ಹೊಲಿದದ್ದನ್ನು ಮಡಚಿಟ್ಟು ಎದ್ದೆವು. ನಿಯಮ ಪಾಲಿಸುವುದು ನಮಗೆ ಅಷ್ಟು ಮೈಗೂಡಿದೆ. ಆದರೂ ಎಲ್ಲರೂ ಮೆಟ್ಟಿಲಿಳಿದು ಬದುಕಿಕೊಂಡೆವು.

ಮಧ್ಯಾಹ್ನ ನಿಮ್ಮ ಸಿಬ್ಬಂದಿ ನಾವು ಕೂತಿದ್ದ ಮೈದಾನಕ್ಕೆ ಬಂದು ನಮ್ಮ ಹೆಸರು ಬರೆದುಕೊಂಡರು. ಅಲ್ಲಿಯವರೆಗೆ ನಿಮ್ಮ ಪಟ್ಟಿ ನಿಜವೇ. ಮಾರನೆಯ ಬೆಳಿಗ್ಗೆ ಸುತ್ತೋಲೆ ಬಂತು: ಊರಿಗೆ ಹೋಗುವ ವಿಮಾನ ಹತ್ತಬೇಕಾದವರು ಸಂಜೆಯೊಳಗೆ ಮೂಲ ಪಾಸ್‌ಪೋರ್ಟ್ ಹಾಜರುಪಡಿಸತಕ್ಕದ್ದು. ನಮ್ಮ ಪಾಸ್‌ಪೋರ್ಟುಗಳು ಎಲ್ಲಿರುತ್ತವೆಂದು ತಮಗೆ ತಿಳಿಯದೇ? ಕೆಲಸಕ್ಕೆ ಸೇರಿದ ದಿನವೇ ಮ್ಯಾನೇಜರ್ ಕಿತ್ತುಕೊಂಡು ಕಪಾಟಿನಲ್ಲಿಡುತ್ತಾರೆಂದು ಹೋದ ವರ್ಷ ದೂರು ಕೊಟ್ಟಿದ್ದೆವು. ‘ಪರಿಶೀಲಿಸಲಾಗುತ್ತಿದೆ’ ಎಂದು ಉತ್ತರಿಸಿದವರು ತಾವೇ. ಆ ಕಪಾಟು ಎರಡನೇ ಮಹಡಿಯಲ್ಲಿತ್ತು. ಕಟ್ಟಡ ಉದ್ದಕ್ಕೂ ಬಿರುಕು ಬಿಟ್ಟಿತ್ತು, ಒಳಗೆ ಹೋಗಕೂಡದೆಂದು ಬೋರ್ಡು ಹಾಕಿದ್ದರು. ಗಂಟೆಗೊಮ್ಮೆ ನೆಲ ಅಲುಗುತ್ತಲೇ ಇತ್ತು.

ನಿಮ್ಮ ಸಹಾಯವಾಣಿಗೆ ಫೋನ್ ಮಾಡಿ, “ಜೆರಾಕ್ಸ್ ಇದೆ ಸರ್, ಆಗುತ್ತಾ?” ಎಂದು ಕೇಳಿದೆ.

“ಒರಿಜಿನಲ್ ಇಲ್ದೆ ಯಾರನ್ನೂ ಹತ್ತಿಸಲ್ಲ. ಹೇಗಾದ್ರೂ ತಂದ್ಕೊಳ್ಳಿ,” ಎಂದಿತು ಸಹಾಯವಾಣಿ.

‘ಹೇಗಾದರೂ’ ಎನ್ನುವುದಕ್ಕೆ ನಿಮ್ಮ ಇಲಾಖೆಯಲ್ಲಿ ಏನರ್ಥವೋ, ನಾದಿನಿ ಅದನ್ನು ಆದೇಶವೆಂದೇ ತಿಳಿದಳು. “ಅತ್ತಿಗೆ, ನೀವಿಲ್ಲೇ ಇರಿ. ಕಪಾಟು ನಂಗೊತ್ತು, ಇಬ್ಬರದೂ ತರ್ತೀನಿ,” ಎಂದಳು. ನಾನು ಬೇಡ ಅನ್ನಲಿಲ್ಲ. ಅದು ನನ್ನ ಪಾಪ, ನಿಮ್ಮ ತಲೆಗೆ ಕಟ್ಟುವುದಿಲ್ಲ. ಅವಳು ಒಳಗಿದ್ದಾಗಲೇ ಭೂಮಿ ಮತ್ತೆ ಜೋರಾಗಿ ಕಂಪಿಸಿತು, ಮೆಟ್ಟಿಲು ಕುಸಿಯಿತು.

ಪಟ್ಟಿ ತಿದ್ದಿ ಎಂದು ಬಂದರೆ ನಿಮ್ಮ ಗುಮಾಸ್ತರು, “ಅದು ಮೇಲಕ್ಕೆ ಹೋಗಿಬಿಟ್ಟಿದೆಯಮ್ಮ. ಅಲ್ದೆ ಅದು ಭೂಕಂಪದ ಪಟ್ಟಿ, ಇವರು ತೀರ್ಕೊಂಡಿದ್ದು ಮಾರನೇ ದಿನ ಅಲ್ವಾ?” ಎಂದರು. ಎಂಥ ಸೂಕ್ಷ್ಮಮತಿಗಳು. ಮಾರನೇ ದಿನ ಅಲುಗಿದ ಭೂಮಿ ಬೇರೆ ಇಲಾಖೆಗೆ ಸೇರಿದ್ದೇ, ಮಾನ್ಯರೇ?

ಊರಿನಲ್ಲಿ ನನ್ನ ಅತ್ತೆ ಆ ಪಟ್ಟಿಯನ್ನು ಫೋನಿನಲ್ಲಿಟ್ಟುಕೊಂಡು ಮನೆಗೆ ಬಂದವರಿಗೆಲ್ಲ ತೋರಿಸುತ್ತಿದ್ದಾರೆ. ಅದನ್ನೇ ತೋರಿಸಿ ನನ್ನ ಗಂಡನ ಬಾಯಿಯನ್ನೂ ಮುಚ್ಚಿಸಿದ್ದಾರೆ. ನಾನು ವಿಷಯ ಹೇಳಿದರೆ, “ಬಿಡ್ತು ಅನ್ನು. ಸರ್ಕಾರದವರೇ ಬರೆದಿದಾರೆ, ನೀನೇನು ಅವರಿಗಿಂತ ಹೆಚ್ಚಾ? ಮೊದ್ಲು ನನ್ನ ಮಗಳಿಗೆ ಫೋನ್ ಕೊಡು,” ಎನ್ನುತ್ತಾರೆ. ದಿನಕ್ಕೆರಡು ಸಲ ಇದೇ ಮಾತು. ನನಗೆ ಸಾಕಾಗಿದೆ.

ಆದ್ದರಿಂದ ನನ್ನ ಬೇಡಿಕೆ. ಅವಳನ್ನು ಊರಿಗೆ ಕಳಿಸುವ ಕಾಗದ ನಿಧಾನವಾಗಿ ಕೊಡಿ, ಕಾಯುತ್ತೇನೆ. ವಿಷಾದ, ಸಂತಾಪ ಯಾವುದೂ ಬೇಡ. ನಾಳೆ ಬೆಳಿಗ್ಗೆ ತಾವೇ, ಗುಮಾಸ್ತರಲ್ಲ, ನನ್ನ ಅತ್ತೆಗೆ ಫೋನ್ ಮಾಡಿ ಅವರ ಮಗಳು ಸತ್ತಿದ್ದಾಳೆಂದು ಹೇಳಬೇಕು. ನಿಮ್ಮ ಮಾತನ್ನಾದರೆ ನಂಬುತ್ತಾರೆ. ಹೊತ್ತು ಯಾವುದಾದರೂ ಸರಿ, ಮೊದಲ ರಿಂಗಿಗೇ ಎತ್ತುತ್ತಾರೆ, ಮಗಳದೇ ಫೋನ್ ಅಂದುಕೊಂಡು.

ಇಂತಿ,
ಅತ್ತೆಯ ಬಾಯಲ್ಲಿ ಸುಳ್ಳುಬುರುಕಿ ಅನ್ನಿಸಿಕೊಂಡಿರುವ,
ಕಾಲರ್ ಹೊಲಿಯುವ ಸೊಸೆ